ರೇಡಿಯೋ ಸಂಕೇತ ಪತ್ತೆಹಚ್ಚುವ ಉಪಗ್ರಹಗಳು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಹಾಕ್‌ಐ 360 ಕಂಪನಿಯ ಉಪಗ್ರಹಗಳು ಹಡಗುಗಳ ಛಾಯಾಚಿತ್ರ ತೆಗೆಯುತ್ತವೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಕೆಲವರಿಗೆ ಇರುವುದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ. ಅಮೆರಿಕದ ವರ್ಜೀನಿಯಾ ರಾಜ್ಯದ ಈ ಕಂಪನಿ 2018ರ ಡಿಸೆಂಬರ್‌ನಲ್ಲಿ ಕಕ್ಷೆಗೆ ಕಳಿಸಿದ ಮೊದಲ ಮೂರು ಉಪಗ್ರಹಗಳ ಕೆಲಸ ರೇಡಿಯೋ ತರಂಗಗಳನ್ನು ಗ್ರಹಿಸುವುದು. ಮೂರೂ ಜೊತೆಯಾಗಿ ಸಾಗುತ್ತವೆ. ಒಂದೇ ಸಂಕೇತವು ಪ್ರತಿಯೊಂದಕ್ಕೂ ತಲುಪುವ ಸಮಯದಲ್ಲಿನ ಅತಿಸೂಕ್ಷ್ಮ ಅಂತರವನ್ನೂ, ಉಪಗ್ರಹಗಳ ಚಲನೆಯಿಂದ ಆವರ್ತನದಲ್ಲಿ ಕಾಣುವ ವ್ಯತ್ಯಾಸವನ್ನೂ ಹೋಲಿಸಿ, ಆ ಸಂಕೇತ ಹೊರಟ ಸ್ಥಳವನ್ನು ಲೆಕ್ಕಹಾಕಲಾಗುತ್ತದೆ. ಇದಕ್ಕೆ ಮೋಡವಾಗಲಿ ಇರುಳಾಗಲಿ ಅಡ್ಡಿಯಲ್ಲ.

ನನ್ನ ದೃಷ್ಟಿಯಲ್ಲಿ ಇದರ ಅತ್ಯಂತ ಮಹತ್ವದ ಬಳಕೆ ಕಡಲಿನದು. ತನ್ನ ಗುರುತನ್ನು ಸಾರುವ ಎಐಎಸ್ ಉಪಕರಣವನ್ನು ಆರಿಸಿ ಅಕ್ರಮ ಮೀನುಗಾರಿಕೆಗೆ ಇಳಿದ ಹಡಗು, ದಾರಿ ಕಾಣಲು ರೇಡಾರ್ ಚಾಲೂ ಇಟ್ಟಿದ್ದರೆ, ಆ ರೇಡಾರ್‌ನ ತರಂಗಗಳೇ ಅದರ ನೆಲೆಯನ್ನು ತಿಳಿಸಿಬಿಡುತ್ತವೆ. ಜಿಪಿಎಸ್‌ಗೆ ಅಡ್ಡಿಪಡಿಸುವ ಮೂಲಗಳನ್ನೂ ಇದೇ ರೀತಿ ಹುಡುಕಬಹುದು.

ಈ ಕ್ಷೇತ್ರಕ್ಕೆ ನಮ್ಮ ಇಸ್ರೋದ ನಂಟೂ ಇದೆ: ಲಕ್ಸೆಂಬರ್ಗ್‌ನ ಕ್ಲಿಯೋಸ್ ಸ್ಪೇಸ್ ಕಂಪನಿಯ ಇಂಥದೇ ನಾಲ್ಕು ಉಪಗ್ರಹಗಳನ್ನು 2020ರ ನವೆಂಬರ್ 7ರಂದು ಪಿಎಸ್‌ಎಲ್‌ವಿ-ಸಿ49 ಶ್ರೀಹರಿಕೋಟಾದಿಂದ ಹೊತ್ತೊಯ್ದಿತು.

ಆದ್ದರಿಂದ ಈ ಉಪಗ್ರಹಗಳ ಸುದ್ದಿಯನ್ನು ಗುಂಪಿನಲ್ಲಿ ಹಂಚುವಾಗ, ದಯವಿಟ್ಟು ‘ಉಪಗ್ರಹ ಚಿತ್ರ’ ಎಂದು ಬರೆಯದೆ ‘ರೇಡಿಯೋ ಪತ್ತೆ’ ಎಂದೇ ನಮೂದಿಸಬೇಕಾಗಿ ವಿನಂತಿ.