ನವಸಾಗರಕ್ಕೆ ಇನ್ನು ಹೆಸರು ಬರೆಸಬೇಕು

ಬೀದರ್‌ನ ನಮ್ಮ ಎಲ್ಲ ಗಿರಾಕಿಗಳಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ನವಸಾಗರ (ಅಮೋನಿಯಂ ಕ್ಲೋರೈಡ್ ಪುಡಿ) ಬೇಕಾದವರು ಹೆಸರು, ಫೋನ್ ನಂಬರ್, ಯಾವ ಕೆಲಸಕ್ಕೆ ಎಂಬುದನ್ನು ವಹಿಯಲ್ಲಿ ಬರೆಸಬೇಕು. ಒಮ್ಮೆಗೆ ಅರ್ಧ ಕಿಲೋ ಮಾತ್ರ. ಮುಚ್ಚಳಕ್ಕೆ ಕೊಳವೆ ಬೆಸೆದ ತಾಮ್ರದ ಹಂಡೆಯ ಆರ್ಡರ್ ಇನ್ನು ಹಿಡಿಯುವುದಿಲ್ಲ.

ಇದನ್ನು ಓದಿ ಬಿದ್ರಿ ಉಸ್ತಾದರಿಗೆ ಸಿಟ್ಟು ಬರಬಹುದು. ಬರಲಿ, ನ್ಯಾಯವೇ. ಕೋಟೆಯ ಮಣ್ಣಿಗೆ ನವಸಾಗರ ಕಲಸಿ, ಕಾಯಿಸಿದ ಹೂಜಿಗೆ ಸವರಿದರೇ ತಾನೇ ಸತು ಕಪ್ಪಾಗಿ ಬೆಳ್ಳಿ ಎದ್ದು ಕಾಣುವುದು? ಕಲಾಯಿ ಹಾಕುವವರಿಗೂ ಅದು ಬೇಕು. ನಮ್ಮ ಅಂಗಡಿ ನಿಂತಿರುವುದೇ ನಿಮ್ಮಿಂದ.

ಆದರೆ ಅದೇ ಪುಡಿ ಬೆಲ್ಲದ ಕೊಳೆಗೂ, ಅಂದರೆ ಕಳ್ಳಸಾರಾಯಿ ಕಾಸಲು ಕೊಳೆಹಾಕಿದ ಬೆಲ್ಲದ ನೀರಿಗೂ, ಬೀಳುತ್ತದೆ. ಕೊಳೆ ಬೇಗ ಹುಳಿಯಲಿ ಅಂತ ಕಳ್ಳಬಟ್ಟಿಯವರು ಹಾಕುತ್ತಾರೆ. ಈಚೆಗೆ ಒಬ್ಬರು ಒಂದು ಕೈಯಲ್ಲಿ ಕಪ್ಪು ಬೆಲ್ಲದ ಚೀಲ ಹಿಡಿದೇ ಬಂದು ಎರಡು ಕಿಲೋ ನವಸಾಗರ ಕೇಳಿದರು. ಯಾವ ಪಾತ್ರೆಗೆ ಕಲಾಯಿ ಅಂತ ಕೇಳಿದ್ದಕ್ಕೆ ಸುಮ್ನೆ ನಕ್ಕು ಹೊರಟುಹೋದರು.

ಇನ್ನೊಬ್ಬ ಹುಡುಗ ಫೋನ್‌ನಲ್ಲಿ ವಿಡಿಯೋ ತೋರಿಸಿ, ಇಂಥದ್ದೇ ಹಂಡೆ ಮಾಡಿಕೊಡಿ ಅಂದ. "ಮಾರೋದಿಲ್ಲ ಕಾಕಾ, ಮನೆಮಟ್ಟಿಗೆ ಅಷ್ಟೇ." ಆ ವಿಡಿಯೋ ನ್ಯೂಜಿಲೆಂಡಿನದು. ಅಲ್ಲಿ 1996ರಿಂದ ಸ್ವಂತಕ್ಕೆ ಮದ್ಯ ಇಳಿಸಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಕಲಮು ಲೈಸೆನ್ಸ್ ಇಲ್ಲದೆ ಮದ್ಯ ಮಾಡುವುದನ್ನೇ ತಡೆಯುತ್ತದೆ. ಮಾರಲು ಮಾಡಿದಿರೋ, ಮದುವೆಗೆ ಮಾಡಿದಿರೋ, ಒಬ್ಬರೇ ಕುಡಿಯಲು ಮಾಡಿದಿರೋ, ಎಲ್ಲವೂ ಒಂದೇ. ಮದ್ಯ ಮಾಡುವ ಉದ್ದೇಶದಿಂದ ಸಾಮಾನು, ಹಂಡೆ, ಕೊಳವೆ ಇಟ್ಟುಕೊಂಡರೂ ಅದೇ ಕಲಮು ಹಿಡಿಯುತ್ತದೆ. ಒಂದು ಹನಿ ಇಳಿದಿರಬೇಕು ಅಂತಿಲ್ಲ. ಸಿಕ್ಕಿಬಿದ್ದರೆ ಜೈಲೂ ಉಂಟು, ದಂಡವೂ ಉಂಟು.

ಹಳಬರು ಕೆಲವರು, "ಸಾರಾಯಿ ಬಂದ್ ಆದಮೇಲೆ ಬಂದ ಕಾನೂನು ಇದು" ಅನ್ನುತ್ತಾರೆ. ಅಲ್ಲ. ಸಾರಾಯಿ ಬಂದ್ ಆಗಿದ್ದು 2007ರ ಜುಲೈ 1ಕ್ಕೆ. ಸಾರಾಯಿ ಅಂಗಡಿ ತೆರೆದಿದ್ದ ಕಾಲದಲ್ಲೂ ಮನೆಯಲ್ಲಿ ಕಾಸುವುದು ತಪ್ಪೇ ಆಗಿತ್ತು. ಅದಕ್ಕೂ ಮೊದಲು, ನಿಜಾಮರ ಕಾಲದಲ್ಲೂ ನಮ್ಮ ಕಡೆ ಅಬಕಾರಿ ಕಾನೂನು ಇತ್ತು. ಇನ್ನು ಬಾಟಲಿ ಇಷ್ಟೇ ಇಟ್ಟುಕೊಳ್ಳಬಹುದು ಎಂಬ ಮಿತಿ ಇದೆಯಲ್ಲ, ಅದು ಅಂಗಡಿಯಲ್ಲಿ ಕೊಂಡ ಮಾಲಿಗೆ. ಮನೆಯಲ್ಲಿ ಕಾಸಿದ್ದಕ್ಕೆ ಅಷ್ಟು ಇಷ್ಟು ಅಂತ ಮಾಫಿ ಇಲ್ಲ.

ಈ ಎಲ್ಲದರಲ್ಲಿ 'ಉದ್ದೇಶ' ಎಂಬ ಒಂದು ಮಾತಿದೆ ನೋಡಿ, ನಮ್ಮ ವಹಿ ಬಂದಿದ್ದು ಅದರಿಂದಲೇ. ಉಸ್ತಾದರ ಕೈಯಲ್ಲಿ ನವಸಾಗರ ಬಿದ್ರಿ ಸಾಮಾನು, ಇನ್ನೊಬ್ಬರ ಕೈಯಲ್ಲಿ ಬಟ್ಟಿ ಸಾಮಾನು. ಪೊಟ್ಟಣ ನೋಡಿದರೆ ಎರಡೂ ಒಂದೇ. ಕೇಳದೆ ನಮಗೆ ಗೊತ್ತಾಗುವುದು ಹೇಗೆ? ವಹಿ ಇಡಿ ಅಂತ ಯಾರೂ ನಮಗೆ ಆರ್ಡರ್ ಮಾಡಿಲ್ಲ, ನಾವೇ ಇಟ್ಟಿದ್ದು.

ಹಂಡೆಯ ವಿಷಯದಲ್ಲಿ ಕಾನೂನಿಗಿಂತ ಜಾಸ್ತಿ ಹೆದರಿಕೆ ಬೆಸುಗೆಯದು. ಮಾಮೂಲಿ ಬೆಸುಗೆಯಲ್ಲಿ ಸೀಸ ಇರುತ್ತದೆ. ಬಿಸಿ ಹಬೆ ತಾಗಿ ಅದು ಕುಡಿಯುವುದಕ್ಕೆ ಇಳಿದರೆ ಮೈಗೆ ವಿಷ. ಇಂಥದ್ದನ್ನು ನಮ್ಮ ಕೈಯಿಂದ ಮಾಡಿಕೊಡಲು ಮನಸ್ಸಿಲ್ಲ. ಗುಲಾಬಿ ನೀರು, ನಿಂಬೆಹುಲ್ಲಿನ ಎಣ್ಣೆ ಇಳಿಸುವವರು ಬೇಜಾರಾಗಬೇಡಿ. ನಿಮ್ಮದು ಮದ್ಯವಲ್ಲ. ಅಂಗಡಿಗೆ ಬಂದು ಕೂತು ಮಾತಾಡಿ, ಬೆಸುಗೆ ಇಲ್ಲದ ಸ್ಟೀಲ್ ಪಾತ್ರೆ ಎಲ್ಲಿ ಸಿಗುತ್ತದೆ ಹೇಳುತ್ತೇವೆ.

ಬಿದ್ರಿ, ಕಲಾಯಿ ಕೆಲಸದವರು ಒಮ್ಮೆ ಬರೆಸಿದರೆ ಸಾಕು, ಪ್ರತಿ ಸಲ ಕೇಳುವುದಿಲ್ಲ. ಅರ್ಧ ಕಿಲೋ ಲೆಕ್ಕವೂ ನಿಮಗಿಲ್ಲ. ಹುಡುಗರನ್ನು ಕಳಿಸುವುದಾದರೆ ಕೈಯಲ್ಲಿ ಒಂದು ಚೀಟಿ ಕೊಡಿ. ಮೈಲುತುತ್ತ, ತವರ, ಸತು ಮೊದಲಿನ ಹಾಗೆಯೇ ಸಿಗುತ್ತವೆ, ಅವಕ್ಕೆ ವಹಿ ಇಲ್ಲ.

ನಿಮ್ಮ ಅಂಗಡಿಯವರು,
ಬೀದರ್