ಈ ಭಾನುವಾರ ಸೈಕಲ್‌ನಲ್ಲಿ ಚಾಮುಂಡಿ ಬೆಟ್ಟಕ್ಕೆ, ಎಲ್ಲರೂ ಬನ್ನಿ

ಗೆಳೆಯರೇ, ನಮಸ್ಕಾರ.

ಭಾನುವಾರ ಬೆಳಿಗ್ಗೆ 5.45ಕ್ಕೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೇರೋಣ. 6ಕ್ಕೆ ಸರಿಯಾಗಿ ಹೊರಡುತ್ತೇವೆ.

ಗುಂಪಿನಲ್ಲಿ ಫೋಟೋ ನೋಡಿ ಖುಷಿಪಡುವವರು ತುಂಬಾ ಜನ ಇದ್ದೀರಿ. ಆದರೆ ರಸ್ತೆಗೆ ಬರುವವರು ಅದೇ ಎಂಟು ಹತ್ತು ಮಂದಿ. "ನನಗೆ ಅಷ್ಟು ಸ್ಪೀಡ್ ಇಲ್ಲ" ಅಂತ ಹಿಂಜರಿಯಬೇಡಿ. ಇದು ರೇಸ್ ಅಲ್ಲ. ಎಲ್ಲರಿಗಿಂತ ನಿಧಾನವಾಗಿ ಬರುವವರ ಜೊತೆ ಅನುಭವ ಇರುವ ಒಬ್ಬರು ಕೊನೆಯವರೆಗೂ ಇರುತ್ತಾರೆ. ಏರು ಕಷ್ಟವಾದರೆ ಇಳಿದು ತಳ್ಳಿಕೊಂಡು ಹೋಗಬಹುದು. ನಾನೂ ಮೊದಲ ಸಲ ಅರ್ಧ ದಾರಿ ತಳ್ಳಿದ್ದೆ. ಮೇಲಿಂದ ಊರು ಕಂಡಾಗ ಆದ ಸಂತೋಷ ಇನ್ನೂ ನೆನಪಿದೆ.

ಗೇರ್ ಇಲ್ಲದ ಸೈಕಲ್ ಆದರೆ ಬೆಟ್ಟದ ಬುಡದವರೆಗೆ ಬನ್ನಿ, ಅಷ್ಟೇ ಸಾಕು. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದ ಊರು ನಮ್ಮದು. ಸೈಕಲ್ ದುಬಾರಿಯೇ ಆಗಿರಬೇಕು ಅಂತ ಇಲ್ಲಿ ಯಾರೂ ಕೇಳಲ್ಲ.

ಬೆಳಗಿನ ಜಾವ ಒಬ್ಬರೇ ಹೋಗಲು ಹೆದರುವ ಅಕ್ಕಂದಿರಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ: ನಿಮ್ಮ ಬಡಾವಣೆಯ ಹೆಸರು ಹಾಕಿ. ಆ ಕಡೆಯಿಂದ ಬರುವವರು ಜೊತೆಗೂಡುತ್ತಾರೆ.

ಹೆಲ್ಮೆಟ್ ಕಡ್ಡಾಯ. ಹಿಂದೆ ಕೆಂಪು ಲೈಟ್, ನೀರು, ನಿಮ್ಮ ಚಕ್ರದ ಅಳತೆಯ ಒಂದು ಟ್ಯೂಬ್ ಇರಲಿ. ಪಂಪ್ ನಾವು ತರುತ್ತೇವೆ. ಬೆಟ್ಟ ಇಳಿಯುವಾಗ ಬ್ರೇಕ್ ಮುಖ್ಯ, ಅಲ್ವಾ? ಶನಿವಾರವೇ ನೋಡಿಕೊಳ್ಳಿ. ತಿರುವುಗಳಲ್ಲಿ ಬಸ್ ಎದುರಾಗುತ್ತದೆ. ಹಾಗಾಗಿ ಸಾಲಾಗಿ, ಎಡಕ್ಕೇ ಇಳಿಯೋಣ.

ವಾಪಸ್ ಬಂದು ಒಟ್ಟಿಗೆ ದೋಸೆ ಕಾಫಿ. ಪಂಕ್ಚರ್ ಹಾಕೋದು ಕಲಿಯಬೇಕು ಅನ್ನುವವರಿಗೆ ಅಲ್ಲೇ ತೋರಿಸಿಕೊಡುತ್ತೇವೆ. ಬರುವವರು ಶನಿವಾರ ರಾತ್ರಿ 8ರೊಳಗೆ ಇಲ್ಲಿ ಹೆಸರು ಹಾಕಿ.