ಆಟೋಕ್ಲೇವ್ (ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ನೋಡಿಕೊಳ್ಳುವವರಿಗೆ

ಕಲಬುರಗಿ ದಂತ ಕ್ಲಿನಿಕ್ ಸಿಬ್ಬಂದಿಗೆಲ್ಲ ನಮಸ್ಕಾರ್ರಿ. ಭಾನುವಾರದ ತರಬೇತಿಗೆ ಇಷ್ಟು ಓದಿಕೊಂಡು ಬರ್ರಿ.

ಹ್ಯಾಂಡ್‌ಪೀಸನ್ನು (ಹಲ್ಲು ಕೊರೆಯುವ ಉಪಕರಣ) ಸ್ಪಿರಿಟ್‌ನಿಂದ ಒರೆಸಿದರೆ ಸಾಲದು. ಒಳಗೆ ಎಳೆದುಕೊಂಡ ಜೊಲ್ಲು, ರಕ್ತ ಅಲ್ಲೇ ಉಳಿಯುತ್ತದೆ. ಪ್ರತಿ ರೋಗಿಯ ನಂತರ 20–30 ಸೆಕೆಂಡ್ ನೀರು-ಗಾಳಿ ಹರಿಸಿ, ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಪೌಚ್‌ನಲ್ಲಿ (ಹಬೆ ಹಾಯುವ ಚೀಲ) ಇಟ್ಟು ಆಟೋಕ್ಲೇವ್ ಮಾಡಬೇಕು. ಸಾದಾ ಆಟೋಕ್ಲೇವ್ ಆದರೆ 121 ಡಿಗ್ರಿ ಮುಟ್ಟಿದ ಮೇಲೆ 30 ನಿಮಿಷ. ನಡುವೆ ಕರೆಂಟ್ ಹೋದರೆ (ಹೋಗೇ ಹೋಗುತ್ತದೆ) ಮತ್ತೆ ಮೊದಲಿನಿಂದ. ಪೌಚ್ ತುರುಕಿದರೆ ಹಬೆ ಒಳಗೆ ಇಳಿಯದು. ಪೌಚ್‌ಗೆ ಅಂಟಿಸುವ ಟೇಪಿನ ಬಣ್ಣ ಬದಲಾದದ್ದನ್ನೇ ನಂಬಬೇಡಿ, ಅದು ಶಾಖ ತಗುಲಿದ್ದನ್ನಷ್ಟೇ ಹೇಳುತ್ತದೆ. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ (ಗಟ್ಟಿ ಬ್ಯಾಕ್ಟೀರಿಯಾ ಬೀಜಕಗಳೂ ಸತ್ತವೇ ಎಂದು ನೋಡುವ ಪರೀಕ್ಷೆ) ಬೇಕು. ಆಟೋಕ್ಲೇವ್‌ಗೆ ಬೋರ್ ನೀರು ಹಾಕಿದರೆ ನೀರು ಕಾಯಿಸುವ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಹಾಕಿ.

ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ. ಸೋಪು-ನೀರಿನಿಂದ ತೊಳೆದು ತಕ್ಷಣ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆ ಮಾತ್ರೆ ಬೇಕಾದರೆ 72 ಗಂಟೆಯೊಳಗೇ ಶುರುವಾಗಬೇಕು, ಬೇಗ ಆದಷ್ಟು ಒಳ್ಳೆಯದು.